ಕಸ್ತೂರೆವ್ವನ ಕುಬಸ

ಹೆಂಡತಿಯ ಮೈಗೆ ಗಂಡನ ಮೇಲೆ ಮೂವತ್ತು ವರ್ಷಗಳ ಸಿಟ್ಟಿದೆ ಎಂದು ಆಸ್ಪತ್ರೆಯ ಯಂತ್ರವೊಂದು ಹೇಳಿದಾಗ ಫಕೀರಪ್ಪನಿಗೆ ಅದೇನೂ ಹೊಸ ಸುದ್ದಿ ಅನ್ನಿಸಲಿಲ್ಲ. ಅಷ್ಟು ಹೇಳಲು ಇಷ್ಟು ದೊಡ್ಡ ಯಂತ್ರ ಯಾಕೆ ಬೇಕಿತ್ತು, ತನ್ನನ್ನು ಕೇಳಿದ್ದರೆ ಪುಕ್ಕಟೆಯಾಗಿ ಹೇಳುತ್ತಿದ್ದೆನಲ್ಲ ಎಂದು ಅವನು ಡಾಕ್ಟರ ಎದುರಿಗೇ ಅಂದುಬಿಟ್ಟ. ಪಕ್ಕದಲ್ಲಿ ಕೂತಿದ್ದ ಕಸ್ತೂರೆವ್ವ ಅವನ ತೊಡೆ ಚಿವುಟಿದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಂಬಿ ಬಾಳಿದವಳು ಅವಳು. ತಾನು ಉಂಡು ಮಲಗಿದ ಮೇಲೂ ತನ್ನ ರಕ್ತ ಎಚ್ಚರವಿದ್ದು ಜಗಳ ಮುಂದುವರಿಸಿತ್ತು ಎಂದರೆ ಅವಳಿಗೆ ನಾಚಿಕೆಯಾಗದೆ ಇರುತ್ತದೆಯೇ?

ಫಕೀರಪ್ಪ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ಅಂಗಡಿ ಇಟ್ಟವನು. ಊರಲ್ಲಿ ಚಾಲಕನಿಲ್ಲದ ಬಸ್ಸುಗಳು ಓಡಾಡತೊಡಗಿದ್ದವು, ಭಜಿ ಕರಿಯಲೂ ಯಂತ್ರಗಳು ಬಂದಿದ್ದವು. ಆದರೆ ಮಂಡಕ್ಕಿಗೆ ಹುಣಸೆ ರಸ, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಹಾಕಿ ಕಲಸುವ ಕೆಲಸವನ್ನು ಅವನು ಇನ್ನೂ ಯಾವ ಯಂತ್ರಕ್ಕೂ ಬಿಟ್ಟುಕೊಟ್ಟಿರಲಿಲ್ಲ. ಕಸ್ತೂರೆವ್ವನ ಕಿಡ್ನಿಗಳು ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಹಳೇ ಹುಬ್ಬಳ್ಳಿಯ ಅವರ ಮನೆಯ ಪಡಸಾಲೆಯಲ್ಲಿ ಟ್ರಂಕಿನಷ್ಟು ದೊಡ್ಡ ಡಯಾಲಿಸಿಸ್ ಯಂತ್ರ ಕೂತು, ದಿನ ಬಿಟ್ಟು ದಿನ ಅವಳ ರಕ್ತವನ್ನು ತೊಳೆದು ವಾಪಸು ಕೊಡುತ್ತಿತ್ತು. ಮತ್ತೆ ಮತ್ತೆ ತೊಳೆದ ಅರಿವೆಯ ಹಾಗೆ ಅವಳೂ ಬಣ್ಣಗೆಡುತ್ತ ಬಂದಿದ್ದಳು. ಉಪ್ಪಿಲ್ಲ, ಬಾಳೆಹಣ್ಣಿಲ್ಲ, ಕುಡಿಯುವ ನೀರೂ ಅಳತೆಯ ಮೇಲೆ. ಗಂಡನ ಗಿರ್ಮಿಟ್ ಅಂತೂ ನೋಡುವುದಕ್ಕಷ್ಟೇ. ತನ್ನದೊಂದು ಕಿಡ್ನಿ ತೆಗೆದುಕೊಳ್ಳಿ ಎಂದು ಫಕೀರಪ್ಪ ಮೊದಲ ದಿನದಿಂದಲೂ ಹಟ ಹಿಡಿದಿದ್ದ. ರಕ್ತದ ಗುಂಪೂ ಹೊಂದಿತ್ತು. ಆಮೇಲೆ ಈ ಸಿಟ್ಟಿನ ಸಂಗತಿ ಹೊರಬಿತ್ತು.

ಧಾರವಾಡದ ದಾರಿಯಲ್ಲಿದ್ದ ಆ ಸಂಶೋಧನಾ ಆಸ್ಪತ್ರೆಯ ಡಾಕ್ಟರ್ ಮೆಹರುನ್ನಿಸಾ ನದಾಫ್ ಸವಣೂರಿನವರು. ದೇಶ ಸುತ್ತಿ ಕಲಿತು ಬಂದಿದ್ದರೂ ಮಾತು ಮಾತ್ರ ಸವಣೂರಿನದೇ. ಅವರು ಇಬ್ಬರಿಗೂ ಚಹಾ ತರಿಸಿ, ನಿಧಾನವಾಗಿ ತಿಳಿಸಿ ಹೇಳಿದರು. ಪ್ರತಿಯೊಬ್ಬರ ಜೀವಕೋಶದ ಮೇಲೂ ಅವರವರ ಗುರುತು ಇರುತ್ತದೆ. ಅರ್ಧ ಗುರುತು ತಂದೆಯದು, ಅರ್ಧ ತಾಯಿಯದು. ಪರಕೀಯ ಗುರುತು ಕಂಡರೆ ಮೈಯ ಕಾವಲು ಕೋಶಗಳು ಅದಕ್ಕೆ ಹೋಗಿ ಅಂಟಿಕೊಳ್ಳುವಂಥ ಸಣ್ಣ ಕಣಗಳನ್ನು ತಯಾರಿಸುತ್ತವೆ. ಅವೇ ಪ್ರತಿಕಾಯಗಳು. ಹೆರಿಗೆಯ ಹೊತ್ತಿಗೆ ಕೂಸಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಬೆರೆಯುತ್ತದೆ. ಕೂಸಿನಲ್ಲಿ ಅರ್ಧ ಅಪ್ಪನಲ್ಲವೇ? ಆ ಅರ್ಧವನ್ನು ಕಂಡು ತಾಯಿಯ ಮೈ ಇವನ್ಯಾರು ಎಂದು ಪ್ರತಿಕಾಯಗಳನ್ನು ಮಾಡಿ ಇಟ್ಟುಕೊಂಡುಬಿಡುತ್ತದೆ. ಹಾಗಾಗಿ ಗಂಡನ ಕಿಡ್ನಿ ಒಳಗೆ ಬಂದರೆ ಕೆಲವೇ ತಾಸುಗಳಲ್ಲಿ ಅದು ಕರಿದ ಬದನೇಕಾಯಿ.

ಎಷ್ಟು ಮಕ್ಕಳು ಎಂದು ಡಾಕ್ಟರು ಕೇಳಿದರು. ಎರಡು, ಇಬ್ಬರೂ ಹೆಣ್ಣು ಎಂದಳು ಕಸ್ತೂರೆವ್ವ. ಯಾರು ಕೇಳಿದರೂ ಅವಳು ಎರಡೇ ಎನ್ನುತ್ತಿದ್ದಳು. ಫಕೀರಪ್ಪ ಕಿಟಕಿಯ ಕಡೆ ನೋಡಿದ.

ಹಾಗಾದರೆ ಇದಾಗದ ಮಾತೇ ಎಂದು ಅವನು ಕೇಳಿದಾಗ ಡಾಕ್ಟರು ಇನ್ನೊಂದು ಕಥೆ ತೆಗೆದರು. ಅಪ್ಪನ ಗುರುತನ್ನು ಅಷ್ಟು ದ್ವೇಷಿಸುವ ಇದೇ ಮೈ, ಅದೇ ಗುರುತಿನ ಕೂಸನ್ನು ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಹೊತ್ತು ಸಾಕುತ್ತದೆ. ಆಗ ಕಾವಲು ಕೋಶಗಳು ಯಾಕೆ ಸುಮ್ಮನಿರುತ್ತವೆ? ಈ ಒಂದು ಪ್ರಶ್ನೆಯ ಹಿಂದೆ ಅವರು ಹನ್ನೆರಡು ವರ್ಷ ಕಳೆದಿದ್ದರು. ಕೊನೆಗೆ ಎರಡು ಕೈಗಳ ಒಂದು ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ್ದರು. ಅದು ಒಂದು ಕೈಯಲ್ಲಿ ಕಿಡ್ನಿಯನ್ನು ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ಹೊಡೆಯಲು ಬಂದ ಕಾವಲು ಕೋಶದ ಕೈ ಹಿಡಿದು, ಇದು ಹೊಟ್ಟೆಯ ಕೂಸು, ಮುಟ್ಟಬೇಡ ಎನ್ನುತ್ತದೆ. ಕಾಗದದ ಮೇಲೆ ಅದಕ್ಕೆ ಉದ್ದನೆಯ ನಂಬರು ಇತ್ತು. ಪ್ರಯೋಗಶಾಲೆಯವರು ಮಾತ್ರ ಅದನ್ನು ಮಡಿಲು ಎಂಬ ಅರ್ಥದಲ್ಲಿ ‘ಉಡಿ’ ಎಂದು ಕರೆಯುತ್ತಿದ್ದರು. ಅಲ್ಲಿಯವರೆಗೆ ಅದನ್ನು ಪಡೆದ ಐದಾರು ಮಂದಿಯೂ ಗಂಡಸರು, ಎಲ್ಲರೂ ಚೆನ್ನಾಗಿದ್ದರು. ಹೆಂಗಸರಲ್ಲಿ ಕಸ್ತೂರೆವ್ವನೇ ಮೊದಲಿನವಳು. ಇದು ಇನ್ನೂ ಪ್ರಯೋಗ, ಏನು ಬೇಕಾದರೂ ಆಗಬಹುದು ಎಂಬುದನ್ನು ಡಾಕ್ಟರು ಮೂರು ಸಲ ಹೇಳಿದರು. ಪಡಸಾಲೆಯ ಆ ಟ್ರಂಕನ್ನು ನೆನೆದು ಕಸ್ತೂರೆವ್ವ ಒಂದೇ ಸಲಕ್ಕೆ ಹೂಂ ಅಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ರಕ್ತದಲ್ಲಿದ್ದ ಹಳೆಯ ಸಿಟ್ಟನ್ನು ಮೊದಲು ಸೋಸಿ ತೆಗೆದರು, ಆಮೇಲೆ ಉಡಿಯ ಸೂಜಿ ಹಾಕಿದರು. ಹೊಸ ಕಿಡ್ನಿಯನ್ನು ಬೆನ್ನಿನ ಹತ್ತಿರ ಕೂರಿಸುತ್ತಾರೆಂದು ಕಸ್ತೂರೆವ್ವ ತಿಳಿದಿದ್ದಳು. ಆದರೆ ಅದನ್ನು ಕೂರಿಸುವುದು ಮುಂದುಗಡೆ, ಕಿಬ್ಬೊಟ್ಟೆಯ ಬಲಕ್ಕೆ. ಅಂಗೈ ಇಟ್ಟರೆ ಗುಂಡಗೆ ಕೈಗೆ ಸಿಗುತ್ತಿತ್ತು. ಅವಳ ಮಣಿಕಟ್ಟಿಗೆ ಒಂದು ತೆಳ್ಳನೆಯ ಪಟ್ಟಿ ಕಟ್ಟಿ ಕಳಿಸಿದರು. ರಕ್ತದ ಸಮಾಚಾರವನ್ನು ಅದು ಆಗಾಗ ತಾನೇ ಆಸ್ಪತ್ರೆಗೆ ತಿಳಿಸುತ್ತಿತ್ತು. ಟ್ರಂಕು ಪಡಸಾಲೆಯಿಂದ ಹೊರಟ ದಿನ ಫಕೀರಪ್ಪ ಅದಕ್ಕೆ ಕುಂಕುಮ ಹಚ್ಚಿ ಬೀಳ್ಕೊಟ್ಟ. ಮತ್ತೆ ಬರಬೇಡ ಎಂದೂ ಹೇಳಿದ.

ನಾಲ್ಕನೆಯ ತಿಂಗಳಲ್ಲಿ ಮಜಾ ಶುರುವಾಯಿತು. ಬೆಳಿಗ್ಗೆ ಎದ್ದರೆ ಕಸ್ತೂರೆವ್ವನಿಗೆ ವಾಕರಿಕೆ. ಒಗ್ಗರಣೆಯ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುವಳು. ಮಧ್ಯಾಹ್ನವಾದರೆ ಹುಣಸೆಕಾಯಿಯ ನೆನಪು. ನೀರು ಚಿಮುಕಿಸಿದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು. ಎಲ್ಲಕ್ಕಿಂತ ಹೆಚ್ಚಾಗಿ ಗಂಡನ ಗಿರ್ಮಿಟ್ ಮೇಲೆ ಎಂಥ ಆಸೆಯೆಂದರೆ, ಕಿಡ್ನಿಗೆ ಆಗದು ಎಂದು ಗೊತ್ತಿದ್ದೂ ಅವಳು ಒಂದು ದಿನ ಅವನ ಅಂಗಡಿಯ ಡಬ್ಬಿಯಲ್ಲಿ ಉಳಿದ ಒಣ ಮಂಡಕ್ಕಿಯನ್ನಾದರೂ ತಿನ್ನುತ್ತ ಕೂತಿದ್ದಳು. ಆ ಹೊತ್ತಿಗೆ ಸರಿಯಾಗಿ ಒಳಗೆ ಬಂದವಳು ಫಕೀರಪ್ಪನ ತಂಗಿ ರುದ್ರವ್ವ. ಎರಡು ಓಣಿ ಆಚೆ ಇದ್ದ ಅವಳು ದಿನಕ್ಕೊಮ್ಮೆ ಅಣ್ಣನ ಮನೆಗೆ ಬಂದು ವೈನಿಯ ಆರೋಗ್ಯ ವಿಚಾರಿಸದಿದ್ದರೆ ಉಂಡ ಅನ್ನ ಅರಗದವಳು. ಅತ್ತಿಗೆಯ ಮುಖವನ್ನು ಹಾಗೂ ಹೀಗೂ ನೋಡಿ, ಸೊಂಟಕ್ಕೆ ಕೈ ಇಟ್ಟು ನಿಂತಳು.

“ವೈನಿ, ಖರೇ ಹೇಳು. ಇದು ಬಸಿರಿನ ಬಯಕಿ ಹೌದಲ್ಲೋ?”

ಅರವತ್ತರ ಹೊಸ್ತಿಲಲ್ಲಿದ್ದ ಕಸ್ತೂರೆವ್ವ ಕೈಗೆ ಸಿಕ್ಕ ಮಂಡಕ್ಕಿ ಡಬ್ಬಿಯ ಮುಚ್ಚಳವನ್ನೇ ಅವಳ ಕಡೆ ಎಸೆದಳು. ಆದರೆ ಮಾತು ಸುಳ್ಳಾಗಿರಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ನದಾಫ್ ರಕ್ತದ ವರದಿಯನ್ನು ನೋಡಿ ಮೊದಲು ಹುಬ್ಬೇರಿಸಿದರು, ಆಮೇಲೆ ತಡೆಯಲಾರದೆ ನಕ್ಕರು. ಕಾವಲು ಕೋಶಗಳಿಗೆ ಹೇಳಿದ ಸುಳ್ಳನ್ನು ಇಡೀ ಮೈ ನಂಬಿಬಿಟ್ಟಿತ್ತು. ಹಿಂದೆ ಬಸಿರಾದ ಮೈ ಅದು, ದಾರಿ ಗೊತ್ತಿತ್ತು. ಕೂಸು ಬಂದಿದೆ ಎಂದ ಮೇಲೆ ತನ್ನ ಪಾಲಿನ ವಾಕರಿಕೆ, ಬಯಕೆ ಎಲ್ಲವನ್ನೂ ಅಟ್ಟದಿಂದ ಇಳಿಸಿ ಹರಡಿಕೊಂಡು ಕೂತಿತ್ತು. ಕಿಡ್ನಿ ಮಾತ್ರ ಹೂವಿನ ಹಾಗಿತ್ತು. ಉಪ್ಪು ಕಡಿಮೆ ಮಾಡಿ, ಮನೆಯಲ್ಲೇ ಕಲಸಿದ ಗಿರ್ಮಿಟನ್ನು ಒಂದು ಹಿಡಿ ತಿನ್ನಬಹುದು ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ಅಂದು ಸಂಜೆ ಫಕೀರಪ್ಪ ಅಂಗಡಿಯನ್ನು ಬೇಗ ಮುಚ್ಚಿ ಬಂದು, ಅಡಿಗೆಮನೆಯಲ್ಲಿ ಕೂತು, ಆ ಒಂದು ಹಿಡಿಯನ್ನು ಅರ್ಧ ತಾಸು ಕಲಸಿದ. ಅವಳು ತಿನ್ನುವುದನ್ನು ನೋಡುತ್ತ ಅವನ ಕಣ್ಣು ತುಂಬಿದವು. ಉಳ್ಳಾಗಡ್ಡಿ ಖಾರ ಎಂದ.

ರುದ್ರವ್ವನ ಬಾಯಲ್ಲಿ ಸುದ್ದಿ ನಿಲ್ಲುವುದುಂಟೇ? ಓಣಿಗೆ ಓಣಿಯೇ ತಿಳಿದು, ಹಾದು ಹೋಗುವವರೆಲ್ಲ ಎಷ್ಟು ತಿಂಗಳಾಯಿತು ಎಂದು ಕೇಳತೊಡಗಿದರು. ಏಳನೆಯದು ಬೀಳುತ್ತಲೇ ರುದ್ರವ್ವ ಕುಬಸ ಮಾಡುವುದೇ ಸೈ ಎಂದು ಕೂತಳು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣಿಸುವ ಶಾಸ್ತ್ರ ಅದು. ಕಸ್ತೂರೆವ್ವ ಬೇಡವೇ ಬೇಡ ಎಂದಳು, ಜನ ನಗುತ್ತಾರೆ ಎಂದಳು. ನಗಲಿ ಅಂತಲೇ ಮಾಡುವುದು, ನಾಲ್ಕು ವರ್ಷ ಈ ಮನೆಯಲ್ಲಿ ಯಾರಾದರೂ ನಕ್ಕಿದ್ದರೇನು ಎಂದು ರುದ್ರವ್ವ ಕೇಳಿದ ಮೇಲೆ ಅವಳು ಒಪ್ಪಿದಳು. ಗಂಡನ ಮನೆಗಳಿಂದ ಇಬ್ಬರು ಹೆಣ್ಣುಮಕ್ಕಳೂ ಬಂದರು, ಪಲ್ಲವಿ ರಾಣೆಬೆನ್ನೂರಿನಿಂದ, ಸೌಜನ್ಯ ಬೈಲಹೊಂಗಲದಿಂದ. ಅವ್ವನ ಬೆಳ್ಳಗಾದ ಮೋಟು ಜಡೆಗೆ ಮೊಗ್ಗು ಹೆಣೆಯಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಡಾಕ್ಟರ್ ನದಾಫ್ ಕೂಡ ಧಾರವಾಡ ಪೇಡಾದ ಡಬ್ಬಿ ಹಿಡಿದು ಬಂದರು. ಮುತ್ತೈದೆಯರು ಅವರಿಗೂ ಕುಬಸದ ಬಟ್ಟೆ ಕೊಟ್ಟು, ಹಾಡು ಹೇಳಲು ಕೂರಿಸಿಕೊಂಡರು.

ಮುಚ್ಚಿದ ಎರಡು ಬಟ್ಟಲು ತಂದು ಕಸ್ತೂರೆವ್ವನ ಮುಂದೆ ಇಟ್ಟರು. ಪೇಡಾ ಸಿಕ್ಕರೆ ಗಂಡು, ಬರ್ಫಿ ಸಿಕ್ಕರೆ ಹೆಣ್ಣು. ಅವಳು ತೆರೆದ ಬಟ್ಟಲಲ್ಲಿ ಪೇಡಾ ಇತ್ತು. ಗಂಡಸಿನ ಕಿಡ್ನಿ, ಇನ್ನೇನು ಹುಟ್ಟೀತು ಎಂದು ಯಾರೋ ಅಂದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಕಸ್ತೂರೆವ್ವನಿಗೂ ಹುರುಪು ಬಂತು. ಹೋಳಿಗೆ ಮುರಿಯುತ್ತಿದ್ದ ಡಾಕ್ಟರ ಕಡೆ ತಿರುಗಿ ಕೇಳಿದಳು.

“ಎಲ್ಲಾ ಸರಿ ಬಾಯಾರ, ಹೆರಿಗಿ ಯಾವಾಗಂತ ಹೇಳಲೇ ಇಲ್ಲಲ್ರಿ ನೀವು.”

ಮತ್ತೊಮ್ಮೆ ನಗೆಯೆದ್ದಿತು. ಡಾಕ್ಟರ ಕೈ ಮಾತ್ರ ತಟ್ಟೆಯಲ್ಲೇ ನಿಂತುಬಿಟ್ಟಿತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರೂ ಸ್ವಲ್ಪ ನಕ್ಕರು. ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು, ಕೆಲಸವಿದೆ ಎಂದು ಹೇಳಿ ಹೊರಟರು. ಹೊರಡುವಾಗ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ ಎಂದು ಕಸ್ತೂರೆವ್ವನ ಕೈ ಹಿಡಿದು ಹೇಳಿದರು.

ಮರುದಿನ ಪ್ರಯೋಗಶಾಲೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಬಸುರಿಯರ ರಕ್ತದಲ್ಲಿ ತಿಂಗಳು ತಿಂಗಳಿಗೂ ಏನೇನು ಏರುತ್ತ ಇಳಿಯುತ್ತ ಹೋಗುತ್ತದೆ ಎಂಬುದು ಒಂದು ಗೆರೆ, ಮಣಿಕಟ್ಟಿನ ಪಟ್ಟಿ ಕಳಿಸಿದ ಕಸ್ತೂರೆವ್ವನ ರಕ್ತದ ಲೆಕ್ಕ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತಿದ್ದವು. ಡಾಕ್ಟರು ರಾತ್ರಿ ನಿದ್ದೆ ಮಾಡಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

“ತಪ್ಪ ನಂದೈತ್ರಿ, ಅವ್ವಾರ. ಗಂಡಸರ ಮೈಗೆ ತಿಂಗಳ ಲೆಕ್ಕ ಗೊತ್ತಿದ್ದಿಲ್ಲ, ಅದಕ್ಕ ಅಲ್ಲಿ ಏನೂ ಆಗಲಿಲ್ಲ. ನಿಮ್ಮ ಮೈಗೆ ಗೊತ್ತೈತಿ. ಒಂಬತ್ತ ತುಂಬಿತಂದ್ರ ಅದು ಕೂಸನ್ನ ಹೊರಗ ಹಾಕಾಕ ನೋಡತೈತಿ.”

ಹೊರಗೆ ಹಾಕುವುದೆಂದರೆ ಕಿಡ್ನಿಗೆ ಬೇರೆ ದಾರಿ ಎಲ್ಲಿದೆ? ಕಾವಲು ಕೋಶಗಳು ಅದನ್ನು ಇದ್ದಲ್ಲೇ ಕೊಲ್ಲುತ್ತವೆ. ಉಡಿಯನ್ನು ಈಗಲೇ ನಿಲ್ಲಿಸಿದರೆ ಹಳೆಯ ಸಿಟ್ಟು ವಾರದೊಳಗೆ ಮರಳುತ್ತದೆ. ನಿಲ್ಲಿಸದಿದ್ದರೆ ಇನ್ನೆರಡು ತಿಂಗಳು. ಆಮೇಲೆ ಮತ್ತೆ ಪಡಸಾಲೆಯಲ್ಲಿ ಟ್ರಂಕು. ಈ ಸಲ ಅದನ್ನು ತಡೆಯುವಷ್ಟು ಶಕ್ತಿ ಅವಳ ಹೃದಯಕ್ಕೆ ಉಳಿದಿಲ್ಲ ಎಂಬುದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಫಕೀರಪ್ಪ ತನ್ನ ಇನ್ನೊಂದು ಪಕ್ಕೆಯನ್ನು ತಟ್ಟಿ, ಇಲ್ಲಿ ಮತ್ತೊಂದಿದೆ, ತೆಗೆದುಕೊಳ್ಳಿ ಎಂದ. ಅದನ್ನೂ ಕೊಟ್ಟರೆ ನೀವು ಹೇಗೆ ಬದುಕುತ್ತೀರಿ ಎಂದು ಡಾಕ್ಟರು ಗದರಿದರು. ಟ್ರಂಕು ಹೇಗೂ ಬರುತ್ತದಲ್ಲ, ತಾನು ಅದಕ್ಕೆ ಜೋತು ಬೀಳುತ್ತೇನೆ ಎಂದು ಅವನು ಅಷ್ಟೇ ಗಂಭೀರವಾಗಿ ಹೇಳಿದ. ಕಸ್ತೂರೆವ್ವನಿಗೆ ಅವನನ್ನು ಬೈಯಬೇಕು ಅನ್ನಿಸಿತು. ಬೈಯುವ ಬದಲು, ಪಕ್ಕೆ ತಟ್ಟುತ್ತಿದ್ದ ಅವನ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಒಂದು ದಾರಿ ಇರಬಹುದು ಎಂದು ಡಾಕ್ಟರು ಮೆಲ್ಲಗೆ ಶುರುಮಾಡಿದರು. ಹೆರಿಗೆಯಲ್ಲಿ ತಾಯಿಯ ಮೈ ಕೂಸನ್ನು ಪೂರ್ತಿ ಹೊರಗೆ ಕಳಿಸುವುದಿಲ್ಲ. ಬಸಿರಿನಲ್ಲಿದ್ದಾಗ ಕೂಸಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ, ಎಲುಬಿಗೆ ಹೋಗಿ ಸೇರಿಕೊಂಡಿರುತ್ತವೆ, ವರ್ಷಾನುಗಟ್ಟಲೆ ಅಲ್ಲೇ ಬದುಕುತ್ತವೆ. ಅವುಗಳಲ್ಲೂ ಅಪ್ಪನ ಗುರುತು ಇದ್ದೇ ಇರುತ್ತದೆ. ಆದರೂ ಮೈ ಅವನ್ನು ಮುಟ್ಟುವುದಿಲ್ಲ. ಹುಟ್ಟಿಯೂ ಒಳಗೆ ಉಳಿದದ್ದು ಎಂಬ ಯಾವುದೋ ವಿಶೇಷ ಮುದ್ರೆಯನ್ನು ಅವಕ್ಕೆ ಒತ್ತಿರುತ್ತದೆ. ಆ ಮುದ್ರೆಯನ್ನು ನಕಲು ಮಾಡಿ ಎರಡನೆಯ ಪ್ರತಿಕಾಯ ಕಟ್ಟಬಹುದು. ಮೊದಲಿನದು ಇದು ಹೊಟ್ಟೆಯ ಕೂಸು ಎಂದಿತ್ತು. ಎರಡನೆಯದು ಕೂಸು ಹುಟ್ಟಿ ಆಗಿದೆ, ಇದು ನಿನ್ನಲ್ಲೇ ಇರುವ ಭಾಗ ಎನ್ನಬೇಕು.

ಹಾಗಿದ್ದರೆ ತೊಡಕೇನು? ಫಕೀರಪ್ಪನ ಗುರುತು ಎರಡು ಪಾಲು, ಮಕ್ಕಳಿಗೆ ಹೋಗುವುದು ಅದರಲ್ಲಿ ಒಂದೊಂದೇ. ಪಲ್ಲವಿ, ಸೌಜನ್ಯ ಇಬ್ಬರೂ ಒಂದೇ ಪಾಲನ್ನು ಪಡೆದು ಹುಟ್ಟಿದ್ದರು. ಅವರು ಬಿಟ್ಟುಹೋದ ಕೋಶಗಳಿಂದ ಅರ್ಧ ಕಿಡ್ನಿಗೆ ಜಾಮೀನು ಸಿಕ್ಕೀತು. ಇನ್ನರ್ಧಕ್ಕೆ ಯಾರೂ ಇರಲಿಲ್ಲ. ಇನ್ನೊಂದು ಕೂಸು ಆಗಿದ್ದರೆ, ಅದಕ್ಕೆ ಆ ಇನ್ನೊಂದು ಪಾಲು ಬಂದಿದ್ದರೆ ಎಂದು ಡಾಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡು ಪರದೆಯ ಕಡೆ ತಿರುಗಿದರು.

ಕಸ್ತೂರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಇತ್ತರಿ. ನಡುವಿಂದು. ಗಂಡು. ತೊಟ್ಟಲಕ್ಕ ಹಾಕೂದ್ರಾಗ ಹೋತು.”

ಫಕೀರಪ್ಪ ಕಿಟಕಿಯ ಕಡೆ ನೋಡಲು ಹೋದ. ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಅವನು ಹೆಂಡತಿಯ ಕೈ ಹಿಡಿದುಕೊಂಡ. ಆ ಕೂಸು ಹುಟ್ಟಿದಾಗಲೇ ಉಸಿರು ಎಳೆಯಲು ಒದ್ದಾಡುತ್ತಿತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಎಲ್ಲ ಸಿದ್ಧವಾಗಿತ್ತು. ಹೆಸರನ್ನು ಕೂಸಿನ ಕಿವಿಯಲ್ಲಿ ಊದುವುದು ಸೋದರತ್ತೆಯ ಹಕ್ಕು, ಊದಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ವಾಡಿಕೆ. ಆಗಿನ್ನೂ ಹರೆಯದ ಹುಡುಗಿಯಾಗಿದ್ದ ರುದ್ರವ್ವ ಹೆಸರನ್ನು ಆರಿಸಿ, ಯಾರಿಗೂ ಹೇಳದೆ, ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿಸಿಕೊಂಡು ಬಂದಿದ್ದಳು. ಹಿಂದಿನ ದಿನವೇ ಕೂಸು ಹೋಯಿತು. ಹೆಸರೇ ಇಲ್ಲದ್ದನ್ನು ಏನೆಂದು ನೆನೆಯುವುದು, ಏನೆಂದು ಲೆಕ್ಕಕ್ಕೆ ಹಿಡಿಯುವುದು? ಎರಡು ಎನ್ನುವುದೇ ರೂಢಿಯಾಯಿತು. ಆ ಮನೆಯಲ್ಲಿ ಮೂವರೂ ಆ ಮಾತು ಎತ್ತುತ್ತಿರಲಿಲ್ಲ, ಮತ್ತು ಮೂವರೂ ಅದನ್ನು ಮರೆತಿರಲಿಲ್ಲ.

ಅಂದಿನಿಂದ ಹುಡುಕಾಟ ಶುರುವಾಯಿತು. ಕಸ್ತೂರೆವ್ವನ ರಕ್ತವನ್ನೂ, ಸೊಂಟದ ಎಲುಬಿನಿಂದ ತೆಗೆದ ಮಜ್ಜೆಯನ್ನೂ ಯಂತ್ರಗಳು ಒಂದೊಂದೇ ಕೋಶವಾಗಿ ನೋಡುತ್ತ ಹೋದವು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ. ಆದರೆ ಇಲ್ಲಿ ಅಕ್ಕಿ ಊರ ಕಣಜದಷ್ಟು, ಕಲ್ಲು ಇದೆಯೋ ಇಲ್ಲವೋ ಗೊತ್ತಿಲ್ಲ. ದಿನಗಳು ಹೋದವು, ಎಂಟನೆಯ ತಿಂಗಳು ಬಿತ್ತು. ಮನೆಯಲ್ಲಿ ಯಾರೂ ಎಷ್ಟು ತಿಂಗಳು ಎಂದು ಕೇಳುತ್ತಿರಲಿಲ್ಲ. ರುದ್ರವ್ವ ಕುಬಸದ ಸುದ್ದಿ ಎತ್ತಿದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದಳು. ತಾನು ಆಡಿಸಿದ ಆಟಕ್ಕೇ ಹೀಗಾಯಿತೆಂದು ಅವಳು ಅಳುತ್ತಿದ್ದಳಂತೆ. ಆ ಆಟ ಆಡದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ ಹುಚ್ಚಿ ಎಂದು ಕಸ್ತೂರೆವ್ವನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಫಕೀರಪ್ಪ ಪ್ರತಿ ಸಂಜೆ ಒಂದು ಹಿಡಿ ಗಿರ್ಮಿಟ್ ಕಲಸುವುದನ್ನು ಬಿಡಲಿಲ್ಲ. ಅವಳಿಗೆ ಆಸೆ ಇರಲಿ ಇಲ್ಲದಿರಲಿ, ಅವನ ಸಲುವಾಗಿ ತಿನ್ನುತ್ತಿದ್ದಳು.

ಒಂದು ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆಸಿದರು. ಪರದೆಯ ಮುಂದೆ ಕೂರಿಸಿದರು. ಮಸುಕು ಬೆಳಕಿನಲ್ಲಿ ಒಂದು ದುಂಡನೆಯ ಚುಕ್ಕೆ, ಅಂಚು ಸಣ್ಣಗೆ ಅಲುಗುತ್ತಿತ್ತು. ಜೀವವಿತ್ತು ಅದಕ್ಕೆ. ಗಂಡುಕೂಸಿನ ಕೋಶ, ಅರ್ಧ ಕಸ್ತೂರೆವ್ವನದು, ಅರ್ಧ ಫಕೀರಪ್ಪನದು, ಅದೂ ಬೇಕಾಗಿದ್ದ ಆ ಇನ್ನೊಂದು ಪಾಲು. ಕಸ್ತೂರೆವ್ವ ಎದ್ದು ಹೋಗಿ ಪರದೆಯ ಹತ್ತಿರ ನಿಂತಳು. ಅವಳ ನೆರಳು ಅದರ ಮೇಲೆ ಬೀಳದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದಳು.

“ಇವನೇನ್ರಿ? ಇಷ್ಟ ವರ್ಷ ಎಲ್ಲಿದ್ದ?”

“ನಿಮ್ಮೊಳಗ ಇದ್ದನ್ರಿ ಅವ್ವಾರ,” ಎಂದರು ಡಾಕ್ಟರು. “ಎಲುಬಿನಾಗ. ನಿಮ್ಮ ಮೈ ಅವನಿಗೆ ಒಂದ ದಿನ ಸುದ್ದಾ ಸಿಟ್ಟ ಮಾಡಿಲ್ಲ.”

ಕಸ್ತೂರೆವ್ವ ಅತ್ತಳು. ಮೂವತ್ತು ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಆ ತಣ್ಣನೆಯ ಕೋಣೆಯಲ್ಲಿ ನಿಂತು ಅತ್ತು ಮುಗಿಸಿದಳು. ಯಾರೂ ಅವಳನ್ನು ತಡೆಯಲಿಲ್ಲ. ಮಗ ಹೋದ ಎಂದು ಅವಳು ತಿಳಿದಿದ್ದಳು. ಅವನು ಅಷ್ಟಿಷ್ಟು ಇಲ್ಲೇ ಉಳಿದು, ಅವಳ ಜೊತೆಗೆ ಸಂತೆಗೆ ಹೋಗಿ, ಅಕ್ಕತಂಗಿಯರ ಮದುವೆ ನೋಡಿ, ಡಯಾಲಿಸಿಸ್ ಯಂತ್ರದಲ್ಲೂ ಸುತ್ತಿ ಬಂದಿದ್ದ. ಆ ದುಃಖದೊಳಗೇ ಅವಳಿಗೆ ಎಂಥದೋ ಒಂದು ಸಂತೋಷವೂ ಆಯಿತು.

ಎರಡನೆಯ ಪ್ರತಿಕಾಯವನ್ನು ಯಂತ್ರಗಳು ಕೆಲವೇ ವಾರಗಳಲ್ಲಿ ಕಟ್ಟಿಕೊಟ್ಟವು. ಆದರೆ ಅದನ್ನು ಮುಂಚಿತವಾಗಿ ಕೊಡುವಂತಿರಲಿಲ್ಲ. ಹೆರಿಗೆ ಶುರುವಾಗದ ಹೊರತು ಕೂಸು ಹುಟ್ಟಿತು ಎಂದರೆ ಮೈ ನಂಬುವುದಿಲ್ಲ. ನೋವು ಬರುವ ತನಕ ಕಾಯಬೇಕು, ನೋವು ಬಂದ ಮೇಲೆ ತಡ ಮಾಡಬಾರದು. ಒಂಬತ್ತು ತುಂಬಿದ ವಾರ, ಬೆಳಿಗ್ಗೆ ಮೆಂತೆ ಸೊಪ್ಪು ಸೋಸುತ್ತಿದ್ದಾಗ ಕಸ್ತೂರೆವ್ವನಿಗೆ ಕಿಬ್ಬೊಟ್ಟೆಯಲ್ಲಿ ಚಳಕು ಹೊಡೆಯಿತು. ಅವಳಿಗೆ ಆ ನೋವಿನ ಪರಿಚಯವಿತ್ತು. ಮಣಿಕಟ್ಟಿನ ಪಟ್ಟಿ ಕೂಗಿಕೊಂಡಿತು, ಅದು ಕೂಗುವ ಮೊದಲೇ ಫಕೀರಪ್ಪ ಚಪ್ಪಲಿ ಮೆಟ್ಟಿದ್ದ.

ಆಸ್ಪತ್ರೆ ಸೇರುವ ಹೊತ್ತಿಗೆ ಕಿಡ್ನಿ ಬಾತು, ಮೂತ್ರದ ಚೀಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಈ ಔಷಧ ಇನ್ನೂ ಯಾವ ಮನುಷ್ಯರ ಮೈಗೂ ಹೋಗಿಲ್ಲ, ಹಾಕಲೇ ಎಂದು ಡಾಕ್ಟರು ಕೊನೆಯ ಸಲ ಕೇಳಿದರು. ಹಾಕಿ ಎಂದಳು ಅವಳು. ಹಿಂದಿನ ಮೂರು ಹೆರಿಗೆಗಳಲ್ಲಿ ಗಂಡಸರನ್ನು ಬಾಗಿಲಾಚೆಗೇ ನಿಲ್ಲಿಸಿದ್ದರು. ಈ ಸಲ ಫಕೀರಪ್ಪ ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಔಷಧ ಕೊಳವೆಯಿಂದ ಇಳಿಯುತ್ತಿತ್ತು. ನೋವು ಒಂದು ಸುತ್ತು ಬಂದು ಹೋದ ಮೇಲೆ ಕಸ್ತೂರೆವ್ವ ಅವನ ಕಡೆ ಹೊರಳಿದಳು.

“ಒಂದ ಮಾತ ಹೇಳತೇನಿ ಕೇಳ್ರಿ. ಸಿಟ್ಟ ಮಾಡಿದ್ದು ರಕ್ತ. ನಾ ಅಲ್ಲ.”

ಫಕೀರಪ್ಪ ಈ ಸಲ ಚೇಷ್ಟೆ ಮಾಡಲಿಲ್ಲ, ಗೊತ್ತು ಎನ್ನುವ ಹಾಗೆ ತಲೆಯಾಡಿಸಿದ. ಆಮೇಲೆ ಅವನ ಕಣ್ಣು ಮಂಚದ ಕೆಳಗೆ ನೇತುಹಾಕಿದ ಆ ಖಾಲಿ ಚೀಲದ ಮೇಲೇ ನೆಟ್ಟಿತು. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ ಅವನು ಅದನ್ನು ಮಧ್ಯಾಹ್ನವೆಲ್ಲ ನೋಡಿದ. ಹೊರಗೆ ಬೆಂಚಿನ ಮೇಲೆ ಹೆಣ್ಣುಮಕ್ಕಳಿಬ್ಬರೂ ರುದ್ರವ್ವನೂ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಗೋಡೆಯಾಚೆಯ ಕೋಣೆಯಲ್ಲಿ ಡಾಕ್ಟರು ಎರಡು ಗೆರೆಗಳನ್ನು ಕಾಯುತ್ತಿದ್ದರು. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಬೀಳುವ ಹೊತ್ತಿಗೆ ಅವಳ ಗೆರೆ ಬಸುರಿಯರ ಗೆರೆಯನ್ನು ಬಿಟ್ಟು ಮೆಲ್ಲಗೆ ಇಳಿಯತೊಡಗಿತು. ಬಾಣಂತಿಯ ರಕ್ತದಲ್ಲಿ ಇಳಿಯುವ ಹಾಗೆಯೇ. ಅದನ್ನು ಹೇಳಲು ಡಾಕ್ಟರು ಓಡಿ ಬಂದಾಗ ಒಳಗೆ ಫಕೀರಪ್ಪ ಎದ್ದು ನಿಂತಿದ್ದ. ಅವನು ಚೀಲದ ಕಡೆ ಬೆರಳು ತೋರಿಸುತ್ತಿದ್ದ.

“ಹೊಯ್ದಾಳ್ರಿ ಬಾಯಾರ! ಕಸ್ತೂರಿ ಉಚ್ಚಿ ಹೊಯ್ದಾಳ!”

ಆ ಮಾತನ್ನು ಅವನು ಎಷ್ಟು ಗಟ್ಟಿಯಾಗಿ ಕೂಗಿದನೆಂದರೆ ಹೊರಗಿನ ಬೆಂಚಿನವರಷ್ಟೇ ಅಲ್ಲ, ಕೆಳಗಿನ ಮಹಡಿಯವರಿಗೂ ಸುದ್ದಿ ಮುಟ್ಟಿತು. ನಾಚಿಕೆಯಿಂದ ಮುಖ ಮುಚ್ಚಿಕೊಂಡ ಕಸ್ತೂರೆವ್ವ ಸೆರಗಿನೊಳಗೇ ನಗುತ್ತಿದ್ದಳು.

ಮನೆಗೆ ಬಂದವಳಿಗೆ ರುದ್ರವ್ವ ಬಾಣಂತಿಯ ಉಪಚಾರವನ್ನೇ ಮಾಡಿದಳು. ತಲೆಗೆ ಎಣ್ಣೆ, ಬಿಸಿನೀರು, ಕಿವಿಗೆ ಅರಿವೆ. ಬಾಣಂತಿಯ ಖಾರವನ್ನೂ ಕಷಾಯವನ್ನೂ ಮಾತ್ರ ಡಾಕ್ಟರು ಕಟ್ಟುನಿಟ್ಟಾಗಿ ತಡೆದಿದ್ದರು. ಹದಿಮೂರನೆಯ ದಿನ ಅವರು ತಾವೇ ಮನೆಗೆ ಬಂದರು. ಕಿಡ್ನಿ ಚೆನ್ನಾಗಿತ್ತು, ಮೈ ಅದನ್ನು ತನ್ನದೆಂದು ಒಪ್ಪಿತ್ತು, ಎರಡನೆಯ ಔಷಧವನ್ನು ಇನ್ನಷ್ಟು ತಾಯಂದಿರಿಗೆ ಕೊಟ್ಟು ನೋಡಲು ಒಪ್ಪಿಗೆಯೂ ಬಂದಿತ್ತು. ಬಂದ ಕೆಲಸ ಬೇರೆ. ಮೊದಲನೆಯದಕ್ಕೆ ಉಡಿ ಎಂದು ತಾವೇ ಹೆಸರಿಟ್ಟಿದ್ದೆವು, ಎರಡನೆಯದಕ್ಕೆ ಹೆಸರಿಡುವ ಹಕ್ಕು ಈ ಮನೆಯದು, ಏನೆಂದು ಇಡೋಣ ಎಂದು ಕೇಳಿದರು.

ಕಸ್ತೂರೆವ್ವ ಗಂಡನನ್ನು ನೋಡಿದಳು. ಗಂಡ ತಂಗಿಯನ್ನು ನೋಡಿದ. ರುದ್ರವ್ವ ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಬಂದಳು. ಮಂಚದ ಮೇಲೆ ಕೂತ ಅತ್ತಿಗೆಯ ಮುಂದೆ ಮಂಡಿಯೂರಿ, ಕಿಬ್ಬೊಟ್ಟೆಯ ಬಲಕ್ಕೆ ಬಾಯಿ ಹಚ್ಚಿ, ಮೂವತ್ತು ವರ್ಷ ನಾಲಿಗೆಯ ಮೇಲೇ ಇಟ್ಟುಕೊಂಡಿದ್ದ ಹೆಸರನ್ನು ಊದಿದಳು.

“ಕುರ್ರ್, ಕಲ್ಮೇಶಾ.”

ಪಲ್ಲವಿ ಗುದ್ದಿದಳು, ಸೌಜನ್ಯ ಗುದ್ದಿದಳು, ವಾಡಿಕೆ ತಿಳಿದಿದ್ದ ಡಾಕ್ಟರೂ ಮೆಲ್ಲಗೆ ಒಂದು ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಕಸ್ತೂರೆವ್ವ. ಬಾಣಂತಿ ಗುದ್ದುವ ಪದ್ಧತಿ ಎಲ್ಲೂ ಇಲ್ಲವೆಂದು ರುದ್ರವ್ವ ಬೆನ್ನು ಸವರಿಕೊಳ್ಳುತ್ತ, ಅಳುತ್ತ, ನಗುತ್ತ ತಕರಾರು ತೆಗೆದಳು.

ಆ ಹೆಸರು ಈಗ ದೂರ ದೂರದ ಆಸ್ಪತ್ರೆಗಳ ಔಷಧದ ಶೀಶೆಗಳ ಮೇಲಿದೆ. ಅಲ್ಲಿಯವರ ನಾಲಿಗೆ ಹೊರಳದೆ ಅದನ್ನು ಏನೇನೋ ಮಾಡಿ ಕರೆಯುತ್ತಾರಂತೆ. ಕಸ್ತೂರೆವ್ವ ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಹೋದ ಸಲ ಹೊಸದಾಗಿ ಸೇರಿದ ನರ್ಸೊಬ್ಬಳು ಅವಳನ್ನು ಕೂರಿಸಿಕೊಂಡು ವಿವರ ವಿಚಾರಿಸಿದಳು. ವಯಸ್ಸು ಕೇಳಿದಳು, ತೂಕ ನೋಡಿದಳು, ಎಷ್ಟು ಮಕ್ಕಳು ಎಂದಳು.

“ಮೂರ ಮಂದಿರಿ,” ಎಂದಳು ಕಸ್ತೂರೆವ್ವ. “ಎರಡ ಹೆಣ್ಣು, ಒಂದ ಗಂಡು.”

ಪಕ್ಕದಲ್ಲೇ ಕಿಟಕಿ ಇತ್ತು. ಫಕೀರಪ್ಪ ಅದರ ಕಡೆ ನೋಡಲಿಲ್ಲ. ನಡುವಿನವ ಗಂಡು, ಹೆಸರು ಕಲ್ಮೇಶ, ಬರೆದುಕೋ ತಂಗಿ ಎಂದು ನರ್ಸಿಗೆ ಬಿಡಿಸಿ ಹೇಳಿದ.